ಎದ್ದು ನಿಲ್ಲಬಲ್ಲವರ ಗಾಲಿಕುರ್ಚಿ

ಗಾಲಿಕುರ್ಚಿಯಲ್ಲಿ ಕೂತವರು ಎದ್ದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ನೋಡಿದವರಿಗೆ ಅನುಮಾನ ಶುರುವಾಗುತ್ತದೆ. ‘ನಡೆಯೋಕಾಗುತ್ತಲ್ಲ, ಮತ್ಯಾಕೆ ಕುರ್ಚಿ?’ ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಂಥ ಊರಿನಲ್ಲಿ ಮಾತ್ರವಲ್ಲ, ದೊಡ್ಡ ಪಟ್ಟಣಗಳಲ್ಲೂ ಕೇಳಿಬರುವ ಪ್ರಶ್ನೆ ಇದು. ಸೊಂಟದ ಕೆಳಗೆ ಸ್ವಾಧೀನವೇ ಇಲ್ಲದವರಿಗೆ ಮಾತ್ರ ಗಾಲಿಕುರ್ಚಿ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಇರುವವರ ಒಂದು ದಿನವನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಅವರಲ್ಲಿ ಅನೇಕರು ಕುರ್ಚಿ ಹಿಡಿಯುವುದು ಕಾಲು ಪೂರ್ತಿ ಸೋತ ಮೇಲಲ್ಲ, ಇರುವಷ್ಟು ಶಕ್ತಿ ಸಂಜೆಯ ತನಕ ಬರಲಿ ಎಂದು. ಇದನ್ನು ಒಪ್ಪದ ಊರಿನಲ್ಲಿ ಎಷ್ಟು ಔಷಧ ಕೊಟ್ಟರೂ ಅವರ ಬದುಕು ಹೊಸ್ತಿಲು ದಾಟುವುದಿಲ್ಲ.

ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಪದರವಿದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಆ ಪದರವನ್ನು ತಿನ್ನತೊಡಗುವುದು ಎಂ.ಎಸ್. ಆಗ ‘ಕಾಲೆತ್ತು’ ಎಂಬ ಆಜ್ಞೆ ತಡವಾಗಿ ತಲುಪುತ್ತದೆ, ಇಲ್ಲವೇ ನಡುದಾರಿಯಲ್ಲೇ ಕಳೆದುಹೋಗುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಒಂದು ತಿಂಗಳು ಕಣ್ಣು ಮಂಜು, ಇನ್ನೊಂದು ಸಲ ಪಾದ ಜೋತುಬಿದ್ದು ಕಾಲಿನ ಚಪ್ಪಲಿ ಗೊತ್ತಿಲ್ಲದೆ ಕಳಚಿಕೊಳ್ಳುವುದು. ಹೊರಗೆ ಕಾಣದ್ದು ಆಯಾಸ. ನಮ್ಮ ಕಡೆಯ ಬತ್ತುತ್ತಿರುವ ಕೊಳವೆಬಾವಿಯ ಹಾಗೆ: ಒಂದಷ್ಟು ಹೊತ್ತು ನೀರೆತ್ತಿದರೆ ಮತ್ತೆ ಊರುವ ತನಕ ಕಾಯಲೇಬೇಕು, ಮೋಟಾರು ಎಷ್ಟು ದೊಡ್ಡದಾದರೂ ಅಷ್ಟೇ. ಬೆಳಿಗ್ಗೆ ಅಡುಗೆಮನೆಯವರೆಗೆ ನಡೆದವರು ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಕೈಯೆತ್ತಲಾರದೆ ಹೋಗಬಹುದು. ಇದಕ್ಕೆ ಸೋಮಾರಿತನ ಎಂದು ಹೆಸರಿಡುವುದು ಅನ್ಯಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹವೆ ಈ ಆಯಾಸಕ್ಕೆ ಇನ್ನಷ್ಟು ಭಾರ ಹೇರುತ್ತದೆ. ಮೈ ದಣಿದಾಗ ಇಂಥ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲೇ ದಾಖಲಿಸಿದ; ಅದರ ಹಿಂದಿರುವುದು ಮೈಕಾವು ಎಂದು ಆಮೇಲೆ ತಿಳಿಯಿತು. ಪದರ ಕಳೆದುಕೊಂಡ ನರ ಅರ್ಧ ಡಿಗ್ರಿ ಹೆಚ್ಚಿನ ಬಿಸಿಗೂ ಸಂದೇಶ ಒಯ್ಯುವುದನ್ನು ನಿಲ್ಲಿಸಬಹುದು. ತಂಪಾದರೆ ಮತ್ತೆ ಒಯ್ಯುತ್ತದೆ. ಎರಡು ಸಾವಿರ ಮೆಗಾವಾಟ್ ಸೌರವಿದ್ಯುತ್ತಿನ ಯೋಜನೆಗೆ ಪಾವಗಡವನ್ನು ಆರಿಸಿಕೊಳ್ಳುವಷ್ಟು ಬಿಸಿಲು ನಮ್ಮದು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಉಳಿದವರಿಗೆ ಬರೀ ಸೆಕೆ, ಎಂ.ಎಸ್. ಇರುವವರಿಗೆ ಕಾಲೇ ನಿಂತಂತೆ. ಅದೇ ಹೊತ್ತಿನಲ್ಲಿ ಮೂತ್ರಕ್ಕೆ ಅವಸರವಾಯಿತೆನ್ನಿ. ಈ ಕಾಯಿಲೆಯಲ್ಲಿ ಅದು ತಡೆಯಲಾಗದ ಅವಸರ. ಕುರ್ಚಿಯನ್ನು ಮಂಚಕ್ಕೆ ತಾಗಿಸಿ, ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮೇಲಕ್ಕೆ ಮಡಚಿ, ಮೊಣಕೈ ಊರಿ ಸೊಂಟ ಜಾರಿಸಬೇಕು. ಹಿತ್ತಲಿನ ಪಾಯಿಖಾನೆಗೆ ಎರಡು ಮೆಟ್ಟಿಲು, ಬಾಗಿಲು ಎರಡಡಿ. ಸಾಧಾರಣ ಗಾಲಿಕುರ್ಚಿಯ ಅಗಲವೇ 25 ಇಂಚು. ಕುರ್ಚಿ ಹೊರಗೆ ಉಳಿಯುತ್ತದೆ. ಉಳಿಸಿಟ್ಟ ಶಕ್ತಿಯೆಲ್ಲ ಅಲ್ಲಿಂದಾಚೆಗಿನ ಆರಡಿಗೆ ಖರ್ಚಾಗುತ್ತದೆ.

ಕುರ್ಚಿಗೆ ಕೂತರೆ ಇರುವ ಕಾಲೂ ಸೇದುಕೊಂಡು ಹೋಗುತ್ತದೆ ಎಂದು ಮನೆಯ ಹಿರಿಯರು ಹೆದರುತ್ತಾರೆ. ಈ ಭಯದಲ್ಲಿ ಅರ್ಧ ನಿಜವಿದೆ. ಬಳಸದ ಸ್ನಾಯು ಬಿಗಿಯುತ್ತದೆ, ವ್ಯಾಯಾಮ ಬಿಡುವಂತಿಲ್ಲ. ಆದರೆ ಬೆಳಗಿನ ತಂಪಿನಲ್ಲಿ, ಹಿಡಿಕೆ ಹಿಡಿದು, ಲೆಕ್ಕವಿಟ್ಟು ಮಾಡುವ ವ್ಯಾಯಾಮವೇ ಬೇರೆ. ಬಚ್ಚಲಿಗೆ ಹೋಗಲು ಬಿದ್ದೆದ್ದು ನಡೆಯುವುದೇ ಬೇರೆ. ಎರಡನೆಯದರಿಂದ ಕಾಲು ಗಟ್ಟಿಯಾಗುವುದಿಲ್ಲ, ಸೊಂಟದ ಮೂಳೆ ಮುರಿಯಬಹುದು. ಎತ್ತಿಕೊಂಡು ಹೋಗಲು ಮನೆಯಲ್ಲಿ ಜನರಿದ್ದಾರಲ್ಲ ಎಂಬ ಮಾತೂ ಬರುತ್ತದೆ. ಅದು ಪ್ರೀತಿಯಿಂದ ಬಂದ ಮಾತು, ಆ ಪ್ರೀತಿಗೆ ಬೆಲೆಯಿದೆ. ಆದರೆ ಮೂವತ್ತರ ಹೆಂಗಸೊಬ್ಬಳು ಮೈದುನನ ತೋಳಿಗಾಗಿ ಕಾಯುತ್ತ ಮೂತ್ರ ತಡೆದು ಕೂರಬೇಕಾದರೆ, ಬಯಲಿಗೆ ಹೋಗುವ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ, ಆ ಆಸರೆ ಸಾಲದು.

ನಾಲ್ಕು ತಾಲ್ಲೂಕಿನಲ್ಲಿ ಎಂ.ಎಸ್. ಇರುವವರು ಎಷ್ಟು ಮಂದಿ, ಅಷ್ಟಕ್ಕಾಗಿ ಊರನ್ನೇ ತಿದ್ದಬೇಕೆ ಎಂದು ಲೆಕ್ಕ ಹಾಕುವವರಿಗೆ ಪಾವಗಡವೇ ಉತ್ತರ. ಅಲ್ಲಿನ ಫ್ಲೋರೈಡ್ ನೀರು ಕುಡಿದು ಬೆನ್ನು, ಮಂಡಿ ಬಿಗಿದುಕೊಂಡ ಹಿರಿಯರಿಗೆ ಬೇಕಾಗಿರುವುದೂ ಇದೇ ಇಳಿಜಾರು, ಇದೇ ಅಗಲದ ಬಾಗಿಲು. ಲಕ್ವ ಹೊಡೆದವರಿಗೆ, ಬೈಕಿನಿಂದ ಬಿದ್ದವರಿಗೆ, ತುಂಬು ಬಸುರಿಗೆ ಬೇಕಾಗಿರುವುದೂ ಅದೇ. ಎಂ.ಎಸ್. ಎಂದು ಗೊತ್ತಾಗಲು ನರರೋಗ ತಜ್ಞರು, ಎಂ.ಆರ್.ಐ. ಬೇಕು, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಬಡವನಹಳ್ಳಿಯಿಂದ ನೂರು ಕಿಲೋಮೀಟರಿಗೂ ಆಚೆ. ಹೆಸರು ಗೊತ್ತಾಗದೆ ಮೂಲೆಯಲ್ಲಿ ಮಲಗಿರುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರನ್ನೇ ಬರೆದಿದೆ. ಆದರೂ ಸೌಲಭ್ಯ ಪಡೆಯಲು ದಾಟಬೇಕಾದ ಶೇ 40 ಅಂಗವೈಕಲ್ಯದ ಗೆರೆಯನ್ನು ತಪಾಸಣೆಯ ಒಂದು ದಿನದಲ್ಲಿ ಅಳೆಯುತ್ತಾರೆ. ಏರಿಳಿಯುವ ಕಾಯಿಲೆ ಇರುವವರಿಗೆ ಒಳ್ಳೆಯ ದಿನವೇ ಮುಳುವಾಗಬಹುದು. ಸಾರ್ವಜನಿಕ ಕಟ್ಟಡಗಳ ಪ್ರವೇಶಕ್ಕೆ ಕಡ್ಡಾಯ ಮಾನದಂಡ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಆದೇಶಿಸಿತು. ಇಳಿಜಾರಿನ ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ ಕಾಂಕ್ರೀಟು ಸಾಕು. ಗ್ರಾಮ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆಂದೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಆ ಹಣದ ಲೆಕ್ಕ ಕೇಳಿ; ನ್ಯಾಯಬೆಲೆ ಅಂಗಡಿಗೆ, ಆಸ್ಪತ್ರೆಗೆ, ಪಂಚಾಯಿತಿ ಕಚೇರಿಗೆ ಇಳಿಜಾರು ಕೇಳಿ. ಗಾಲಿಕುರ್ಚಿಯಿಂದ ಯಾರಾದರೂ ಎದ್ದು ನಿಂತರೆ ಯಾಕೆಂದು ಕೇಳಬೇಡಿ, ದಾರಿ ಬಿಡಿ.