ಎದೆನೋವು ಬಂದಾಗ ಬಿಲ್ಲಿನ ಲೆಕ್ಕ ಬೇಡ



2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಬಂದಾಗ ಇಲ್ಲಿನ್ನೂ ಬೆಳಗಿನ ಹೊತ್ತು. ಅಪ್ಪುಗೆ 46 ವರ್ಷ. ದಿನಾ ವ್ಯಾಯಾಮ ಮಾಡುವವರಿಗೇ ಹೀಗಾದರೆ ನಮ್ಮ ಗತಿಯೇನು ಅಂತ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲು ನಿಂತರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗಲೂ ಅಷ್ಟೇ. ಹೆದರಿಕೆ ಎರಡು ವಾರ ಇರುತ್ತೆ, ಆಮೇಲೆ ಮರೆತುಬಿಡುತ್ತೇವೆ.

ಹೃದಯಾಘಾತ ಒಂದೇ ದಿನದಲ್ಲಿ ಹುಟ್ಟುವ ಕಾಯಿಲೆ ಅಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ವರ್ಷಗಟ್ಟಲೆ ಸೇರುತ್ತಾ ಬರುತ್ತದೆ. ಬಿಪಿ, ಶುಗರ್, ಸಿಗರೇಟು ಆ ಗೋಡೆಯನ್ನು ಇನ್ನಷ್ಟು ಕೆಡಿಸುತ್ತವೆ. ಒಂದು ದಿನ ಆ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯಾದವರಾದ ನಮಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ.

ನಾವು ಲೆಕ್ಕ ಬರೆಯುವ ಮಂದಿ. ಆದರೆ ಪರದೇಶಕ್ಕೆ ಬಂದ ಮೇಲೆ ಎಲ್ಲರೂ ಲೆಕ್ಕ ಹಾಕುವವರೇ. ನಮ್ಮ ಪರಿಚಯದ ಹುಡುಗನೊಬ್ಬ ಕೇರ್ ಹೋಮಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದಾಗ ಎದೆ ಹಿಡಿದುಕೊಂಡಿತು. "ಗ್ಯಾಸ್ಟ್ರಿಕ್ ಅಷ್ಟೇ, ಮಲಗಿದ್ರೆ ಹೋಗುತ್ತೆ" ಅಂದ. ಅದೇ ಮನೆಯಲ್ಲಿ ಬಾಡಿಗೆಗಿದ್ದ ನರ್ಸ್ ಅಕ್ಕ ಅವನ ಮಾತು ಕೇಳದೆ ಆಂಬುಲೆನ್ಸಿಗೆ ಫೋನ್ ಮಾಡಿದರು. ಹೃದಯಾಘಾತವೇ ಆಗಿತ್ತು. ಸ್ಟೆಂಟ್ ಹಾಕಿದರು, ಬದುಕಿದ. ನಾವು ನೋಡಲು ಹೋದಾಗ ಅವನು ಕೇಳಿದ ಮೊದಲ ಮಾತು: "ಬಿಲ್ ಎಷ್ಟಾಗಬಹುದಣ್ಣ?"

ಅದಕ್ಕೇ ಆ ಲೆಕ್ಕವನ್ನು ಇಲ್ಲೇ ಬರೆಯುತ್ತೇವೆ. ಐರ್ಲೆಂಡಿನಲ್ಲಿ ವಾಸವಿರುವವರು ಜಿಪಿ ಚೀಟಿ ಇಲ್ಲದೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ 100 ಯೂರೊ. ವಾರ್ಡಿಗೆ ದಾಖಲು ಮಾಡಿಕೊಂಡರೆ ಅದೂ ಇಲ್ಲ. ಸರ್ಕಾರಿ ವಾರ್ಡಿನ ದಿನದ ಶುಲ್ಕವನ್ನು 2023ರ ಏಪ್ರಿಲ್‌ನಲ್ಲೇ ತೆಗೆದುಹಾಕಿದ್ದಾರೆ. ಒಂದೇ ಕಡೆ 13 ವಾರ ಕೆಲಸ ಮಾಡಿದವರಿಗೆ ವರ್ಷಕ್ಕೆ 5 ದಿನ ಸಿಕ್ ಲೀವ್ ಕಾನೂನಿನಲ್ಲಿದೆ. ದಿನದ ಸಂಬಳದ ಶೇ. 70, ಹೆಚ್ಚೆಂದರೆ 110 ಯೂರೊ ಕೊಡಬೇಕು. ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಪಿಆರ್‌ಎಸ್‌ಐ ಸಾಕಷ್ಟು ಕಟ್ಟಿದ್ದರೆ ಅದರ ನಂತರ ಇಲ್‌ನೆಸ್ ಬೆನಿಫಿಟ್‌ಗೂ ಅರ್ಜಿ ಹಾಕಬಹುದು.

ಎದೆ ಒತ್ತಿದಂತಾಗುವುದು, ಕೈಗೆ, ದವಡೆಗೆ, ಬೆನ್ನಿಗೆ ನೋವು ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು: ಇವು ಕಂಡರೆ ಕಾಯಬೇಡಿ. ಹೆಂಗಸರಿಗೆ, ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಬರಬಹುದು. 112 ಅಥವಾ 999ಕ್ಕೆ ಫೋನ್ ಮಾಡಿ ಏರ್‌ಕೋಡ್ ಹೇಳಿ. ಕಾರು ನೀವೇ ಓಡಿಸಿಕೊಂಡು ಹೋಗಬೇಡಿ.

ಅಲ್ಲಿಯವರೆಗೆ ಹೋಗದಿರಲು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬಿಪಿ ಏರಿದರೆ ಗೊತ್ತಾಗುವುದಿಲ್ಲ, ಅಳೆದೇ ನೋಡಬೇಕು. ಹಲವು ಫಾರ್ಮಸಿಗಳಲ್ಲಿ ನೋಡುತ್ತಾರೆ. 140/90 ದಾಟಿದ್ದರೆ ಜಿಪಿ ಹತ್ತಿರ ಹೋಗಿ, ಜೊತೆಗೆ ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಕೇಳಿ. ದಿನದ ಉಪ್ಪು ಎಲ್ಲಾ ಸೇರಿ ಒಂದು ಟೀ ಚಮಚದೊಳಗಿರಲಿ. ಊರಿಂದ ಬಂದ ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಬರಬೇಕು. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ಮೀರದಿರಲಿ. ಮಳೆ ಅಂತ ನಡೆಯೋದು ಬಿಟ್ಟರೆ ಈ ದೇಶದಲ್ಲಿ ನಡೆಯೋದೇ ಇಲ್ಲ, ಜಾಕೆಟ್ ಹಾಕಿ ಹೊರಡಿ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಏರ್‌ಕೋಡ್, ದಿನಾ ನುಂಗುವ ಮಾತ್ರೆಗಳ ಹೆಸರು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮನೆಯಲ್ಲಿ ಜೊತೆಗಿರುವವರಿಗೂ ತೋರಿಸಿ.