ವರ್ಣಶೀಕರ

ಕಡಲಿನಿಂದ ದೂರವಾದ ಸೀಮೆಯಲ್ಲಿ ಕಡಲಿನ ಬಣ್ಣವು ಕೇಳಿಕೆಯಿಂದಲೇ ತಿಳಿದುಬರತಕ್ಕದ್ದು. ನಾಗನೂರಿನ ಹುಡುಗನನ್ನು ಕೇಳಿದರೆ ಹಿಂದೆಮುಂದೆ ನೋಡದೆ ‘ನೀಲಿ’ ಎಂದುಬಿಡುವನು. ಆದರೆ ಅವನು ಕಣ್ಣಾರೆ ಕಂಡ ಹಿರಿಯ ನೀರು ಘಟಪ್ರಭೆಯದು. ಮಳೆಗಾಲದಲ್ಲಿ ಆ ಹೊಳೆಯು ಗೋಕಾವಿಯ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವಾಗ ಅದರ ಬಣ್ಣ ಕಾವಿಮಣ್ಣಿನದು. ಬೇಸಿಗೆಯಲ್ಲಿ ಮಡುವಿನ ನೀರು ಪಾಚಿಯ ಹಸಿರು. ನೀಲಿಯನ್ನು ಅವನು ಕಂಡದ್ದು ಮನೆಯ ಗೋಡೆಯ ಮೇಲೆ, ಹಬ್ಬದ ಮುಂದೆ ಸುಣ್ಣಕ್ಕೆ ನೀಲಿಪುಡಿ ಬೆರೆಸಿ ಬಳಿದಲ್ಲಿ.

ಆ ಪುಡಿಗೂ ಸಮುದ್ರಕ್ಕೂ ಸಂಬಂಧವಿಲ್ಲದಿಲ್ಲ. ಅದು ಸಾಮಾನ್ಯವಾಗಿ ‘ಅಲ್ಟ್ರಾಮರೀನ್’ ಎಂಬ ವರ್ಣದ್ರವ್ಯವಾಗಿರುತ್ತದೆ. ಆ ಹೆಸರಿಗೆ ‘ಸಮುದ್ರದಾಚೆಯದು’ ಎಂದೇ ಅರ್ಥ. ಬದಖ್ಶಾನದ ಗಣಿಗಳ ರಾಜಾವರ್ತ ಶಿಲೆಯನ್ನು ಅರೆದು ತೆಗೆದ ಬಣ್ಣವು ಕಡಲು ದಾಟಿ ಯುರೋಪಕ್ಕೆ ಬಂದಿತೆಂದು ಅಲ್ಲಿಯವರು ಹೀಗೆ ಕರೆದರು, ಕಡಲಿನಂತೆ ಕಾಣುವುದೆಂದಲ್ಲ. ಬಂಗಾರದೊಡನೆ ತೂಗುವಷ್ಟು ದುಬಾರಿಯಾಗಿದ್ದ ಇದನ್ನು ಕೃತಕವಾಗಿ ಮಾಡಿದುದಕ್ಕೆ 1828ರಲ್ಲಿ ಫ್ರಾನ್ಸಿನ ಗಿಮೆ ಎಂಬವನಿಗೆ ಬಹುಮಾನ ದೊರೆಯಿತು. ಅರಸರ ನೀಲಿಯು ಬಡವರ ಗೋಡೆಗೆ ಇಳಿದುದು ಅನಂತರವೇ.

ಹಾಗಾದರೆ ಸಮುದ್ರದ ನಿಜವಾದ ಬಣ್ಣವಾವುದು? ಆಕಾಶದ ನೀಲಿಯು ನೀರಿನಲ್ಲಿ ಪ್ರತಿಬಿಂಬಿಸುವುದೆಂದು ದೊಡ್ಡ ವಿಜ್ಞಾನಿಗಳೇ ಹೇಳಿದ್ದರು. 1921ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಮರಳುತ್ತಿದ್ದ ಚಂದ್ರಶೇಖರ ವೆಂಕಟರಾಮನ್ನರು ಒಂದು ಸ್ಫಟಿಕದ ಪಟ್ಟಕದಿಂದ ಆಕಾಶದ ಪ್ರತಿಬಿಂಬವನ್ನು ಮರೆಮಾಡಿ ನೋಡಿದರು; ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ನೀರೇ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಚದರಿಸುವುದು. ಆದರೂ ಇದು ಆಳವಾದ ತಿಳಿಗಡಲಿನ ಮಾತು. ಸೂಕ್ಷ್ಮಸಸ್ಯಗಳಿರುವಲ್ಲಿ ಕಡಲು ಹಸಿರು. ಹೊಳೆ ಕೂಡುವಲ್ಲಿ ಮಣ್ಣಿನ ಬಣ್ಣ. ಪುರಾಣಗಳಂತೂ ಒಂದೇ ಬಣ್ಣಕ್ಕೆ ಎಂದೂ ಕಟ್ಟುಬೀಳಲಿಲ್ಲ. ಸಪ್ತಸಮುದ್ರಗಳಲ್ಲಿ ಹಾಲಿನದೊಂದು, ಮೊಸರಿನದೊಂದು, ತುಪ್ಪದದೊಂದು, ಕಬ್ಬಿನ ಹಾಲಿನದೂ ಒಂದು. ಗೋಕಾವಿ ಮೂಡಲಗಿಗಳ ಕಬ್ಬಿನ ಸೀಮೆಯವರು ಆ ಇಕ್ಷುಸಮುದ್ರವನ್ನು ಬರೆಯುವ ಹಕ್ಕನ್ನು ಇನ್ನಾರಿಗೂ ಬಿಟ್ಟುಕೊಡಬೇಕಾಗಿಲ್ಲ! ಶೇಷಶಾಯಿಯು ಪವಡಿಸಿರುವುದು ಕ್ಷೀರಸಾಗರದಲ್ಲಿ. ಅದು ಬೆಳ್ಳಗಿರತಕ್ಕದ್ದು, ಕ್ಯಾಲೆಂಡರಿನ ಚಿತ್ರಗಳಲ್ಲಿ ಮಾತ್ರ ಅದೂ ನೀಲಿಯಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ ಬಿಳಿಯ ಬಣ್ಣಕ್ಕೆ ಶಂಖವನ್ನು ಹೇಳಿದೆ. ಸಮುದ್ರವು ಚಿತ್ರಗಾರನ ಕೈಗೆ ನೇರವಾಗಿ ಕೊಟ್ಟ ಬಣ್ಣವು ನೀಲಿಯಲ್ಲ, ಶಂಖದ ಬಿಳುಪು.

ಇದೆಲ್ಲ ಪಂಡಿತರ ಹರಟೆಯೆಂದು ವಾಚಕರಿಗೆ ತೋರಬಹುದು. ಆದರೆ ನಾಗನೂರಿನ ಕಡೆಯ ಒಬ್ಬ ಮುದುಕ ಮೂರ್ತಿಕಾರರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿ ಬಂದಿತು. ಗಣೇಶಚೌತಿಗೆಂದು ತರುಣರು ತೆರೆಗಳ ಮೇಲೆ ಕುಳಿತ ಗಣಪತಿಯನ್ನು ಬೇಡಿ, ಅಂಗಡಿಯಿಂದ ನೀಲಿಯ ಸ್ಪ್ರೇ ಡಬ್ಬಿಗಳನ್ನೂ ತಂದಿಟ್ಟರು.

“ಕಾಕಾ, ಸಮುದ್ರ ಅಂದ್ರ ನೀಲೀನ ಇರಬೇಕ್ರಿ” ಎಂದನೊಬ್ಬ.

“ನಮ್ಮ ಹೊಳಿ ನೀರು ಕೃಷ್ಣಾ ಕೂಡಿ ಮೂಡಲ ಸಮುದ್ರಕ್ಕ ಹೋಗತೈತಿ. ಅದು ಹೋಗಿ ಬೀಳೂ ಕಡೆ ಸಮುದ್ರ ಯಾವ ಬಣ್ಣ ಇರತೈತಿ, ತಮ್ಮಾ?” ಎಂದು ಮುದುಕರು ಕೇಳಿದರು. ತರುಣರಲ್ಲಿ ಉತ್ತರವಿರಲಿಲ್ಲ. ಡಬ್ಬಿಗಳು ಅಂಗಡಿಗೆ ಮರಳಿದವು.

ಮುದುಕರು ಯಂತ್ರದ ವೈರಿಯಲ್ಲ. ಅವರ ಮನೆಯಲ್ಲಿಯೂ ಕಂಪ್ರೆಸರ್ ಇದೆ, ಸ್ಪ್ರೇ ಗನ್ನೂ ಇದೆ. ಅದರಲ್ಲಿ ನೀರಿನಲ್ಲಿ ಕಲಸಿದ ಬಣ್ಣವನ್ನೇ ಹಾಕುವರು. ಸಂಸ್ಕೃತದಲ್ಲಿ ‘ಶೀಕರ’ವೆಂದು ಒಂದು ಶಬ್ದವುಂಟು: ಗಾಳಿಯು ಹೊತ್ತು ತರುವ ಸಣ್ಣ ನೀರಹನಿ. ಗೋಕಾವಿಯ ತೂಗುಸೇತುವೆಯ ಮೇಲೆ ನಿಂತವರ ಮುಖಕ್ಕೆ ಶ್ರಾವಣದಲ್ಲಿ ತಾಗುವುದು ಅದೇ. ಸ್ಪ್ರೇ ಗನ್ ಮಾಡುವ ಕೆಲಸವೂ ಬೇರೆಯಲ್ಲ. ಒತ್ತಿದ ಗಾಳಿಯು ಸಣ್ಣ ಬಾಯಿಯಿಂದ ಹೊರಡುವಾಗ ಬಣ್ಣವನ್ನು ಒಡೆದು ಶೀಕರವಾಗಿಸುವುದು. ಒಂದು ಗೇಣಿನಷ್ಟು ದೂರದಿಂದ ಕೈಯನ್ನು ಒಂದೇ ಹದದಲ್ಲಿ ಓಡಿಸಬೇಕು. ಹತ್ತಿರವಾದರೆ ಬಣ್ಣ ಸೋರಿ ಇಳಿಯುವುದು, ದೂರವಾದರೆ ದಾರಿಯಲ್ಲಿಯೇ ಒಣಗಿ ಧೂಳಿನಂತೆ ಕೂಡ್ರುವುದು. ಇದನ್ನು ಪರಕೀಯವೆಂದು ಹಳಿಯುವವರು, ಆದಿಮಾನವನು ಗುಹೆಯ ಗೋಡೆಗೆ ಅಂಗೈಯಿಟ್ಟು ಸುತ್ತಲೂ ಬಣ್ಣವನ್ನು ಚಿಮ್ಮಿಸಿದುದನ್ನು ನೆನೆಯಬೇಕು. ಇಂಡೊನೇಷಿಯದ ಸುಲವೇಸಿಯ ಅಂಥದೊಂದು ಕೈಗುರುತಿಗೆ 39,900 ವರ್ಷಕ್ಕೆ ಕಡಿಮೆಯಿಲ್ಲವೆಂದು 2014ರಲ್ಲಿ ಗೊತ್ತಾಯಿತು. ಅಂಗಡಿಯ ಡಬ್ಬಿ ಮಾತ್ರ ತೀರ ಈಚಿನದು. 1949ರಲ್ಲಿ ಅಮೇರಿಕದ ಎಡ್ವರ್ಡ್ ಸೇಮೋರ್ ಎಂಬವನು ತನ್ನ ಅಲ್ಯುಮಿನಿಯಮ್ ಬಣ್ಣದ ಗುಣವನ್ನು ಗಿರಾಕಿಗಳಿಗೆ ತೋರಿಸಲು, ಹೆಂಡತಿಯ ಸೂಚನೆಯಂತೆ, ಅದನ್ನು ಮಾಡಿದನು.

ಮುದುಕರು ತೆರೆಗಳನ್ನು ಬಣ್ಣಿಸಿದ ಕ್ರಮವು ಹೀಗೆ. ಬುಡಕ್ಕೆ ಕಾವಿ, ಅದರ ಮೇಲೆ ತೆಳುವಾಗಿ ಹಸಿರು, ಹಸಿರು ಆರಿದ ಬಳಿಕ ಮೂರು ಸಾರೆ ನೀಲಿ; ಒಂದೊಂದು ಸಾರೆಯೂ ಕೆಳಗಿನದು ಕಾಣುವಷ್ಟು ಮಾತ್ರ. ಕುಂಚದಿಂದ ಹೀಗೆ ಒಂದರಲ್ಲೊಂದು ಕರಗಿಸಲು ದಿನಗಳೇ ಬೇಕು. ಗಾಳಿಯ ಬಣ್ಣಕ್ಕೆ ಅದು ಹುಟ್ಟುಗುಣ. ನೀರನ್ನು ಬರೆಯುವುದಕ್ಕೆ ಇದಕ್ಕಿಂತ ಒಪ್ಪುವ ಸಾಧನವಿಲ್ಲವೆಂದರೂ ಸಲ್ಲುವುದು. ಹೀಗಿದ್ದೂ ಇಂದು ಇದನ್ನು ಬಳಸುವವರಲ್ಲಿ ಹೆಚ್ಚಿನವರು ಒಂದೇ ಬಣ್ಣವನ್ನು ದಪ್ಪವಾಗಿ ಹೊಡೆದು ಕೈತೊಳೆದುಕೊಳ್ಳುವರು. ಗೋಕಾವಿಯ ಹೆಸರಾದ ಕಟ್ಟಿಗೆಯ ಹಣ್ಣುಗಳಿಗೆ ಇದು ಬಂದರೆ ಅವು ಉಳಿಯಲಾರವು. ಆ ಮಾವಿನ ಹಣ್ಣನ್ನು ಕಂಡವನು ಕೈಚಾಚುವುದು ಅದು ಹಳದಿಯಾಗಿರುವುದರಿಂದಲ್ಲ. ತೊಟ್ಟಿನ ಬಳಿ ಹಸಿರು ಎಲ್ಲಿ ಮುಗಿದು ಹಳದಿ ಎಲ್ಲಿ ಮೊದಲಾಯಿತೆಂಬುದು ತಿಳಿಯದಿರುವುದರಿಂದ.

ಡಬ್ಬಿಗಳನ್ನು ಮರಳಿಸಿದುದಕ್ಕೆ ಇನ್ನೊಂದು ಕಾರಣವೂ ಇದ್ದಿತು. ಅವುಗಳಲ್ಲಿಯ ದ್ರಾವಕದ ಆವಿಯನ್ನು ಮೂಗಿಗೆ ಕಟ್ಟಿದ ಅರಿವೆಯು ತಡೆಯಲಾರದು. ಇದ್ದಿಲು ತುಂಬಿದ ಮುಖವಾಡವೇ ಬೇಕು. ಆರು ಕೈ ಚೌಕದ ತಗಡಿನ ಮನೆಯಲ್ಲಿ ಬಾಗಿಲು ಮುಚ್ಚಿ ಬಣ್ಣ ಹೊಡೆಯುವ ಹುಡುಗರಿಗೆ ಅದನ್ನು ಕೊಡಿಸುವವರು ಯಾರು? ಮೇಲಾಗಿ, ವಿಸರ್ಜನೆಯ ಮೂರ್ತಿಗಳಿಗೆ ವಿಷಕಾರಕ ಬಣ್ಣಗಳನ್ನು ಬಳಿಯಕೂಡದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆಗಳು 2010ರಲ್ಲಿಯೂ, ತಿದ್ದಿ 2020ರಲ್ಲಿಯೂ ಹೊರಟಿವೆ. ಹತ್ತು ದಿನ ಪೂಜೆಗೊಂಡ ಸಮುದ್ರವು ಹನ್ನೊಂದನೆಯ ದಿನ ಹೊಳೆಯ ಪಾಲಾಗುವುದು. ಆ ಹೊಳೆಯ ನೀರನ್ನೇ ದನಗಳು ಕುಡಿಯುವುವು.

ತೆರೆಯ ತುದಿಯ ನೊರೆಯನ್ನೂ ದೇವರ ಕಣ್ಣನ್ನೂ ಮುದುಕರು ಗನ್ನಿಗೆ ಒಪ್ಪಿಸುವುದಿಲ್ಲ. ಆ ದಿನ ಕಂಪ್ರೆಸರಿನ ಸದ್ದು ನಿಲ್ಲುವುದು. ಎರಡು ಕಣ್ಣುಗಳನ್ನು ತೆಳ್ಳನೆಯ ಕುಂಚದಿಂದ ಬರೆಯಲು ಅರ್ಧ ದಿನ ಹಿಡಿಯುತ್ತದೆ. ಬೆಲೆ ಮಾತನಾಡುವಾಗ ಜನರು ಮೂರ್ತಿಯ ಎತ್ತರವನ್ನು ಅಡಿಗಳಲ್ಲಿ ಅಳೆಯುವರು. ಆ ಅರ್ಧ ದಿನದ ಲೆಕ್ಕವನ್ನು ಇದುವರೆಗೆ ಯಾರೂ ಕೇಳಿಲ್ಲ.