ಎಣ್ಣೆ ಕುಡಿಯುವ ಕ್ರೀಡಾಂಗಣ

ದಸರಾ ಕುಸ್ತಿಗೆ ಜೋಡಿ ಕಟ್ಟಿದ ಸುದ್ದಿ ಪೇಪರಿನಲ್ಲಿ ಬಂತೆಂದರೆ ಹುಣಸೂರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೂ ಎದ್ದು ಕೂರುತ್ತಾನೆ. ಮೊನ್ನೆ ನಾನೂ ಇಣುಕಿದೆ. ಫೋಟೊದಲ್ಲಿ ಕೈ ಮಿಲಾಯಿಸುತ್ತಿದ್ದ ಹುಡುಗರಲ್ಲಿ ಒಬ್ಬನ ಮುರುಟಿದ ಕಿವಿ ಕಣ್ಣಿಗೆ ಬಿತ್ತು. ನಮ್ಮ ಸೋದರಮಾವನದೂ ಅಂಥದೇ ಕಿವಿ.

ಮಾವನ ಗರಡಿ ಎಂದರೆ ಹೆಂಚಿನ ಮಾಡು, ಎಂಥವನೂ ತಲೆ ಬಗ್ಗಿಸಲೇಬೇಕಾದ ಬಾಗಿಲು, ಗೂಡಿನಲ್ಲಿ ಆಂಜನೇಯ, ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ಆರಿಸಿ, ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ, ನಿಂಬೆರಸ ಬೆರೆಸಿ, ಗುದ್ದಲಿಯಲ್ಲಿ ಮಗುಚುತ್ತಲೇ ಇರಬೇಕು. ನಾಲ್ಕು ದಿನ ಬಿಟ್ಟರೆ ಮಣ್ಣು ಬಿಗಿದು ಮೊಣಕೈ ತರಚುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬ ಖಾಲಿಯಾದಾಗಲೆಲ್ಲ ಅತ್ತೆ ಕೂಗುತ್ತಿದ್ದರು: "ಒಗ್ಗರಣೆಗಿಲ್ದಿದ್ರೂ ಮಣ್ಣಿಗೆ ಅದೆ!"

ಮಾವನಿಗೆ ಗೊತ್ತಿದ್ದ ಇತಿಹಾಸವೂ ಮಟ್ಟಿಯಷ್ಟೇ ಅಗಲ. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ಕೋಟೆ ಗೆದ್ದದ್ದು, ನಾಣ್ಯ ಟಂಕಿಸಿದ್ದು ಅವನ ಲೆಕ್ಕಕ್ಕಿಲ್ಲ. ತಿರುಚಿನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ, ಬಾಗಿಲಿಗೆ ಚಲ್ಲಣ ತೂಗುಹಾಕಿ ಮೆರೆಯುತ್ತಿದ್ದ ಜಟ್ಟಿಯನ್ನು ಬಗ್ಗುಬಡಿದರೆಂಬ ಕಥೆ ಮಾತ್ರ ಬಾಯಿಪಾಠ. ಹೇಳುವ ಧಾಟಿ ನೋಡಿದರೆ ಒಡೆಯರು ನಮ್ಮ ಗರಡಿಯಲ್ಲೇ ಬಸ್ಕಿ ಹೊಡೆದು ಹೊರಟಿದ್ದರು.

ಅಲ್ಲಿಂದ ಒಂದೇ ನೆಗೆತಕ್ಕೆ ಅರಸು. 1915ರಲ್ಲಿ ಹುಟ್ಟಿದ ಕಲ್ಲಹಳ್ಳಿಯ ದೇವರಾಜ ಅರಸರು ಹರೆಯದಲ್ಲಿ ಕುಸ್ತಿ ಆಡಿದವರು. ಬೆಂಗಳೂರಿನಲ್ಲಿ ಬಿಎಸ್ಸಿ ಓದಿಯೂ ಊರಿಗೆ ಮರಳಿ ಬೇಸಾಯಕ್ಕೆ ಇಳಿದವರು. ಮುಖ್ಯಮಂತ್ರಿಯಾಗಿ 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ತಂದರು. ಗೇಣಿ ಪದ್ಧತಿ ಹೋಯಿತು, ಉಳುವವನೇ ಹೊಲದೊಡೆಯನಾದ. ಇದನ್ನೂ ಮಾವ ಕುಸ್ತಿಯೆಂದೇ ವಾದಿಸುತ್ತಿದ್ದ. ಅಖಾಡದಲ್ಲಿ ಬೆನ್ನಿಗೆ ಮಣ್ಣು ತಾಗಿದವನು ಸೋತ. ಅರಸು ಕಾನೂನಿನಲ್ಲಿ ಕೈಗೆ ಮಣ್ಣು ಮೆತ್ತಿದವನೇ ಗೆದ್ದ. ಪಂದ್ಯದ ನಿಯಮವನ್ನೇ ತಿರುಗಿಸಿಬಿಟ್ಟ ಪೈಲ್ವಾನ ಇನ್ನೊಬ್ಬನಿಲ್ಲ ಎಂಬುದು ಅವನ ತೀರ್ಪು.

ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯ ಜಾತ್ರೆಗಳಿಗೆ ಮಾವನ ಜೊತೆ ಹೋದಾಗ ಕಂಡ ಕ್ರೀಡಾಂಗಣಗಳಿಗೆ ಗೋಡೆಯೇ ಇರಲಿಲ್ಲ. ರಾಗಿ ಕುಯ್ದ ಹೊಲವೇ ಅಖಾಡ, ಬದುವೇ ಗ್ಯಾಲರಿ. ತಮಟೆ ಬಿರುಸಾದಷ್ಟೂ ಜನ ಒತ್ತಿಕೊಂಡು ಬಂದು ಅಖಾಡ ಕಿರಿದಾಗುತ್ತಿತ್ತು. ಉಸ್ತಾದರು ಕೋಲು ಹಿಡಿದು ಅದನ್ನು ಮತ್ತೆ ಹಿಗ್ಗಿಸುತ್ತಿದ್ದರು. ಈಗ ಹುಡುಗರಿಗೆ ಮ್ಯಾಟ್ ಬೇಕು. ರಾಷ್ಟ್ರಮಟ್ಟದ ಪಂದ್ಯಗಳು ನಡೆಯುವುದು ಅದರ ಮೇಲೇ, ಬೇಡವೆನ್ನಲಾದೀತೇ? ಮ್ಯಾಟಿಗೆ ಒಮ್ಮೆ ದುಡ್ಡು ಕೊಟ್ಟರಾಯಿತು. ಮಟ್ಟಿಗೆ ದಿನವೂ ಒಬ್ಬ ಮನುಷ್ಯ ಬೇಕು.

ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ನಡೆಯುವ ಕ್ರೀಡಾಂಗಣಕ್ಕೆ ದೇವರಾಜ ಅರಸರದೇ ಹೆಸರು. ಮಾವನನ್ನು ಒಮ್ಮೆ ಕರೆದುಕೊಂಡು ಹೋದೆ. ಗ್ಯಾಲರಿ ನೋಡಲಿಲ್ಲ, ಹೆಸರಿನ ಫಲಕ ನೋಡಲಿಲ್ಲ. ನೆಟ್ಟಗೆ ಅಖಾಡಕ್ಕೆ ಹೋಗಿ ಚಿಟಿಕೆ ಮಣ್ಣು ತಿಕ್ಕಿ, ಮೂಸಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಎಣ್ಣೆ ಸಾಲ್ದು ಕಣ್ಲಾ, ಇನ್ನೂ ಹಸ್ಕಂಡದೆ."